ಎರಡನೇ ಸುತ್ತು

ಹನ್ನೊಂದಕ್ಕೆ ಸಂದರ್ಶನ.
ಹತ್ತೂ ಮುಕ್ಕಾಲಿಗೆ ಕರೆಂಟು ಹೋಯಿತು.
ಅಕ್ಕಿಮೂಟೆಯ ಮೇಲೆ ಫೋನು ನಿಲ್ಲಿಸಿ
ಅದರ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟು
(ಆ ಮೂಲೆಯಲ್ಲಷ್ಟೇ ಎರಡು ಕಡ್ಡಿ ಸಿಗ್ನಲ್ಲು)
ಬೆನ್ನ ಹಿಂದೆ ಅಮ್ಮಿಯ ನೀಲಿ ದುಪಟ್ಟ ಕಟ್ಟಿ
ಕೂತೆ.
ದುಪಟ್ಟದ ಆಚೆ ನಮ್ಮ ಬೇಸಿನ್ನುಗಳು, ಆರು.
ರಾಟೆಯ ಮೋಟಾರು ನಿಂತು
ಗೂಡು ಕುದಿಯುವ ಸದ್ದು ಮಾತ್ರ.
ವಾಸನೆ ಕ್ಯಾಮೆರಾಗೆ ತಿಳಿಯುವುದಿಲ್ಲ, ಪುಣ್ಯ.

ಆತ ತನ್ನ ಕ್ಯಾಮೆರಾ ಹಾಕಲೇ ಇಲ್ಲ.
ಒಂದು ಬೂದು ವೃತ್ತ, ಒಳಗೆ ಎರಡಕ್ಷರ.
ವೃತ್ತವೇ ಕೇಳಿತು:
ತಸ್ನೀಮ್, ಈ ಶಿಡ್ಲಘಟ್ಟ ಎಲ್ಲಿ ಬರುತ್ತೆ?
ಚಿಕ್ಕಬಳ್ಳಾಪುರ ಜಿಲ್ಲೆ ಅಂದೆ.
ಓ, ನಂದಿಬೆಟ್ಟದ ಬುಡ, ಅಂದಿತು.
ಬುಡವೇನಲ್ಲ. ಹೌದು ಸಾರ್ ಅಂದೆ.

ಒಂದು ಲಿಂಕ್ಡ್ ಲಿಸ್ಟ್ ಇದೆ. ತಿರುವುಮುರುವು ಮಾಡಿ.
ಗಟ್ಟಿಯಾಗಿ ಯೋಚಿಸುತ್ತಾ ಬರೆಯಿರಿ.

ಗಟ್ಟಿಯಾಗಿ ಯೋಚಿಸುವುದೆಂದರೆ!
ನಮ್ಮ ಗಲ್ಲಿಯಲ್ಲಿ ಹಾಗೆ ಯೋಚಿಸುವವನು ಒಬ್ಬನೇ,
ಮಸೀದಿ ಮೆಟ್ಟಿಲಿನ ಪ್ಯಾರೂ ಸಾಬ್,
ಹುಡುಗರು ಅವನ ಹಿಂದೆ ಕೂಗುತ್ತಾ ಓಡುತ್ತಾರೆ.
ನಾನು ಎಣಿಸುವುದು ಕನ್ನಡದಲ್ಲಿ, ಸರ್ಕಾರಿ ಶಾಲೆಯ ಮಗ್ಗಿ;
ಬೈದುಕೊಳ್ಳುವುದು ದಖನಿಯಲ್ಲಿ;
ಬರೆಯುವುದು ಇಂಗ್ಲಿಷಿನಲ್ಲಿ, ಸೆಮಿಕೋಲನ್ ಸಮೇತ.
ಯಾವುದನ್ನು ಗಟ್ಟಿಯಾಗಿ?

ರಾತ್ರಿ ಇದನ್ನೇ ಮೂರು ಸಲ ಬರೆದಿದ್ದೆ.
ಪ್ರೀವಿಯಸ್, ಕರೆಂಟ್, ನೆಕ್ಸ್ಟ್: ಮೂರು ಹೆಸರು ಸಾಕು.
ಕರೆಂಟೇ ಇರಲಿಲ್ಲ.
ಮುಂದಿನದರ ವಿಳಾಸ ಬರೆದಿಟ್ಟುಕೊಳ್ಳದೆ
ಮೊದಲ ಕೊಂಡಿ ಕಿತ್ತುಬಿಟ್ಟೆ.
ಉಳಿದ ಪಟ್ಟಿಯೆಲ್ಲ ಎಲ್ಲೋ ಇತ್ತು, ಇದ್ದೇ ಇತ್ತು,
ಯಾರ ಕೈಗೂ ಸಿಗದ ಹಾಗೆ.

ವೃತ್ತ ಕೆಮ್ಮಿತು.
ಟೈಪ್ ಮಾಡುವ ಸದ್ದು ಬಂತು, ನನ್ನದಲ್ಲ.
ಪಟ್ಟಿ ಖಾಲಿ ಇದ್ದರೆ? ಅಂದಿತು.
ಖಾಲಿ ಇದ್ದರೆ ಒಲೆ ಹಚ್ಚುವುದಿಲ್ಲ ಸಾರ್,
ಇದು ಬಾಯಿತನಕ ಬಂದದ್ದು.
ರಿಟರ್ನ್ ನಲ್, ಅಂದೆ.
ನಿಮ್ಮಿಂದ ಏನಾದರೂ ಪ್ರಶ್ನೆ?
ಇತ್ತು. ಇಲ್ಲ ಅಂದೆ.

ಊಟಕ್ಕೆ ಕೂತಾಗ ಹಾಜಿರಾ ಖಾಲಾ ಕೇಳಿದಳು,
ಏನಂತೆ ಪ್ರಶ್ನೆ?
ಬಿಸಿನೀರಲ್ಲಿ ಬೆಂದು ಬೆಂದು ಅವಳ ಬೆರಳಿಗೆ ಗೆರೆಗಳೇ ಇಲ್ಲ,
ರೇಷನ್ ಅಂಗಡಿಯ ಯಂತ್ರ
ತಿಂಗಳಿಗೊಮ್ಮೆ ಅವಳನ್ನು ಫೇಲು ಮಾಡುತ್ತದೆ.
ಹೇಳಿದೆ: ಒಂದು ಎಳೆ ಅಂದುಕೋ, ಉದ್ದಕ್ಕೂ ಗಂಟು.
ಒಂದು ಗಂಟಿಗೆ ಮುಂದಿನ ಗಂಟಿನ ಗುರುತು ಮಾತ್ರ.
ಮೊದಲನೆಯದು ಕೊನೆಗೆ ಬರಬೇಕು,
ಕೊನೆಯದು ಮೊದಲಿಗೆ.

ಖಾಲಾ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ.
ಇನ್ನೊಂದು ರಾಟೆಗೆ ಸುತ್ತು, ಅಂದಳು.
ಚಿಕ್ಕದರಿಂದ ದೊಡ್ಡದಕ್ಕೆ.
ಕೊನೆಯಲ್ಲಿ ಬಂದದ್ದು ಮೊದಲು ಹೋಗಿ ಕೂರುತ್ತೆ.
ದಿನಾ ಮಾಡ್ತೀವಲ್ಲೇ.
ಇದಕ್ಕೆ ಎಷ್ಟು ಕೊಡ್ತಾರಂತೆ?

ಹೇಳಿದೆ.
ಆಗ ನಿಲ್ಲಿಸಿದಳು.

ಗುರುವಾರ ರಾತ್ರಿ ಎರಡೂ ಹತ್ತಕ್ಕೆ ಮೇಲ್ ಬಂತು,
ಯಂತ್ರವೇ ಕಳಿಸಿದ್ದು. ನಿಮ್ಮ ಸಮಯಕ್ಕೆ ಧನ್ಯವಾದ.
ಆಮೇಲಿನ ಸಾಲು ಓದಲಿಲ್ಲ.

ಸೋಮವಾರ ಮತ್ತೊಂದು ಕಂಪನಿ.
ರಾಟೆ, ಎಳೆ, ಗಂಟು, ಎಲ್ಲ ನಾಲಿಗೆ ತುದಿಯಲ್ಲಿಟ್ಟುಕೊಂಡು ಕಾದೆ.
ಅವರು ಕೇಳಿದ್ದು: ಒಂದು ಪಾರ್ಕಿಂಗ್ ಲಾಟ್ ವಿನ್ಯಾಸ ಮಾಡಿ.

ಲಾಟು ಅಂದರೆ ನನಗೆ ಮೊದಲು ಕಾಣುವುದು ಗೂಡಿನ ಲಾಟೇ.
ಬಿಳಿ ಹಲಗೆ ಖಾಲಿ ಮಿನುಗುತ್ತಿತ್ತು.
ಸರಿ, ಅಂದೆ, ಗಟ್ಟಿಯಾಗಿಯೇ.
ಬೆಳಿಗ್ಗೆ ಏಳಕ್ಕೆ ನಮ್ಮ ಗೂಡು ಮಾರುಕಟ್ಟೆ ಬಾಗಿಲು,
ಟೆಂಪೊ, ಆಟೋ, ಚೀಲ ಬಿಗಿದ ಬೈಕು;
ಮೊದಲು ಬಂದವನು ಒಳಗೆ ಗೋಡೆಗೆ ಒತ್ತಿ ನಿಲ್ಲುತ್ತಾನೆ,
ಹಿಂದಿನವರೆಲ್ಲ ತೆಗೆಯುವ ತನಕ ಅವನಿಗೆ ಬಿಡುಗಡೆಯಿಲ್ಲ,
ಆದ್ದರಿಂದ ಅನುಭವ ಇದ್ದವನು
ತಡವಾಗಿ ಬರುತ್ತಾನೆ, ಮೇಡಂ…

ಆ ಕಡೆ ಮೌನ.
ನೆಟ್ಟು ಹೋಯಿತೋ, ಕೇಳಿಸಿಕೊಳ್ಳುತ್ತಿದ್ದಾರೋ.
ಹೇಳುತ್ತಾ ಹೋದೆ.
ದುಪಟ್ಟದ ಆಚೆ ಯಾರೋ
ಮೋಟಾರು ಆರಿಸಿದರು.